ಕೆಂಪು ಹಕ್ಕಿ ಎಲ್ಲಿ ಹೋಯ್ತು?

ಪ್ರಶ್ನೆ: ಮೇಡಂ, ದಸರಾ ರಜೆಯಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿದ್ವಿ. ಕುಂಕುಮದಲ್ಲಿ ಅದ್ದಿ ತೆಗೆದಂಗಿರೋ ಪುಟಾಣಿ ಹಕ್ಕಿಗಳು, ಮೈಮೇಲೆ ಬಿಳಿ ಚುಕ್ಕಿ, ಹುಲ್ಲಿನ ತೆನೆ ಹಿಡ್ಕೊಂಡು ಜೋಕಾಲಿ ಆಡ್ತಿದ್ವು. ಯುಗಾದಿ ಆದ್ಮೇಲೆ ನಾದಿನಿ ಮಕ್ಕಳಿಗೆ ತೋರಿಸೋಣ ಅಂತ ಕರ್ಕೊಂಡು ಹೋದ್ರೆ ಒಂದೂ ಇಲ್ಲ, ಬರೀ ಮಣ್ಣುಬಣ್ಣದ ಗುಬ್ಬಚ್ಚಿ ಥರದವು. ಮಕ್ಕಳ ಮುಂದೆ ಮರ್ಯಾದೆ ಹೋಯ್ತು. ವಲಸೆ ಹೋಗ್ತವಾ?
– ಓದುಗರು, ಯಲಹಂಕ

ಉತ್ತರ: ನಿಮ್ಮ ಮರ್ಯಾದೆಗೇನೂ ಆಗಿಲ್ಲ ಬಿಡಿ, ಹಕ್ಕಿ ಬಹುಶಃ ನಿಮ್ಮ ಮುಂದೇನೇ ಕೂತಿತ್ತು! ದಸರಾದಲ್ಲಿ ನೀವು ನೋಡಿದ್ದು ಕೆಂಪು ಮುನಿಯ, ನಮ್ಮ ಹಕ್ಕಿ ಪುಸ್ತಕಗಳಲ್ಲಿ ಕೆಂಪು ರಾಟವಾಳ ಅಂತಾನೂ ಇರತ್ತೆ. ಆ ಕೆಂಪು ಗಂಡಿಗೆ ಮಾತ್ರ, ಅದೂ ಮರಿ ಮಾಡೋ ಸೀಸನ್‌ನಲ್ಲಿ ಮಾತ್ರ, ಅದು ಮುಗೀತು ಅಂದ್ರೆ ಮದುವೆ ಮುಗಿದ್ಮೇಲೆ ಜರಿ ಪಂಚೆ ಮಡಚಿ ಬೀರುವಿನಲ್ಲಿ ಇಟ್ಟಂಗೆ ಕೆಂಪು ಗರಿ ಎಲ್ಲಾ ಉದುರಿಸಿ ಹೆಣ್ಣಿನ ಥರಾನೇ ಕಂದು ಬಣ್ಣಕ್ಕೆ ಬಂದುಬಿಡತ್ತೆ. ಮುನಿಯ ಬಳಗದಲ್ಲಿ ಹೀಗೆ ಸೀಸನ್ನಿಗೊಂದು ಡ್ರೆಸ್ ಹಾಕೋದು ಬಹಳ ಅಪರೂಪ. ಕೊಕ್ಕೂ ಸುಮ್ನಿರಲ್ಲ, ಮೇ ತಿಂಗಳ ಹೊತ್ತಿಗೆ ಕೆಂಪಾಗೋಕೆ ಶುರು ಆಗಿ, ವರ್ಷದ ಕೊನೆಗೆ ಮಂಕಾಗಿ, ಏಪ್ರಿಲ್‌ನಲ್ಲಿ ಕಪ್ಪಾಗಿರತ್ತೆ. ನೀವು ಹೋಗಿದ್ದು ಸರಿಯಾಗಿ ಆ ಟೈಮಲ್ಲಿ.

ನಾನೂ ಹಿಂಗೇ ಬೇಸ್ತು ಬಿದ್ದಿದೀನಿ. ಒಂದು ಏಪ್ರಿಲ್‌ನಲ್ಲಿ ಮೂರು ಗಂಟೆ ಬಿಸಿಲಲ್ಲಿ ನಿಂತು ಕೆಂಪು ಹುಡುಕಿ ಹುಡುಕಿ ಸುಸ್ತಾಗಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂತಾ ಕೂತಿದ್ದೆ, ಎದುರಿಗೆ ಒಣಹುಲ್ಲಲ್ಲಿ ಹತ್ತು ಹನ್ನೆರಡು ಕಂದು ಹಕ್ಕಿ ಬೀಜ ಹೆಕ್ತಿದ್ವು, ಗುಬ್ಬಿ ಇರಬೇಕು ಅಂತ ತಿರುಗೂ ನೋಡಿಲ್ಲ. ಅವು ಪುರ್ರಂತ ಎದ್ದಾಗ ಒಂದೊಂದರ ಬಾಲದ ಬುಡದಲ್ಲೂ ಕೆಂಡದ ಚೂರಿನಂಗೆ ಕೆಂಪು! ಅದೇ ಗುರುತು. ಯಾವ ತಿಂಗಳಾದ್ರೂ, ಗಂಡಾದ್ರೂ ಹೆಣ್ಣಾದ್ರೂ, ಬೆಳೆದ ಹಕ್ಕಿಗೆ ಬಾಲದ ಬುಡ ಕೆಂಪಗಿರತ್ತೆ, ರೆಕ್ಕೆ ಮೇಲೆ ಸಣ್ಣ ಬಿಳಿ ಚುಕ್ಕಿ ಇರತ್ತೆ. ಸೈಜು ಬರೀ 10 ಸೆಂಟಿಮೀಟರ್, ತೂಕ ಹತ್ತು ರೂಪಾಯಿ ಕಾಯಿನ್‌ಗಿಂತ ಚೂರು ಜಾಸ್ತಿ ಅಷ್ಟೇ, ಅದಕ್ಕೇ ತೆನೆ ಮೇಲೆ ಕೂತ್ರೂ ಕಡ್ಡಿ ಮುರಿಯಲ್ಲ.

ಅಂದ್ರೆ ವಲಸೆ ಹೋಗಲ್ಲ. ಹಾಗಂತ ಒಂದೇ ಪೊದೆಗೆ ಅಂಟ್ಕೊಂಡೂ ಇರಲ್ಲ, ಹುಲ್ಲಿನ ಬೀಜ ಎಲ್ಲಿದ್ಯೋ ಆ ಕಡೆ ಗುಂಪುಗುಂಪಾಗಿ ಸುತ್ತುತ್ವೆ, ಕೆರೆ ಅಂಗಳದ ಜೊಂಡಿಗೂ ಹೋಗ್ತವೆ. ಗೂಡು ಕಟ್ಟೋಕೆ ಮಾತ್ರ ಮಳೆ ಬಿದ್ದು ಹುಲ್ಲು ಎತ್ತರಕ್ಕೆ ಬರಬೇಕು. ಹುಲ್ಲಿನ ಎಳೆಗಳನ್ನೇ ಸುತ್ತಿ ಸುತ್ತಿ ಚೆಂಡಿನಂಗೆ ಮಾಡಿ, ಪಕ್ಕದಲ್ಲಿ ಒಂದು ಬಾಗಿಲಿಟ್ಟು, ಒಳಗೆ ಪುಕ್ಕ ಹಾಸ್ತವೆ.

ಪ್ರಶ್ನೆ: ಇದಕ್ಕೆ ಇಂಗ್ಲಿಷ್‌ನಲ್ಲಿ ಅವಡವಟ್ ಅಂತಾರಂತೆ, ಏನು ಹಾಗಂದ್ರೆ? ಜೋಡಿ ತಂದು ಸಾಕಬಹುದಾ?
– ಓದುಗರು, ಬಸವನಗುಡಿ

ಉತ್ತರ: ಅದು ಅಹಮದಾಬಾದ್ ರೀ! ಹಿಂದೆ ಆ ಊರಿಂದ ಈ ಹಕ್ಕಿಗಳನ್ನ ಪಂಜರದಲ್ಲಿ ತುಂಬಿ ಯುರೋಪಿಗೆ ಕಳಿಸ್ತಿದ್ರು, ಊರಿನ ಹೆಸರು ಯುರೋಪಿನವರ ಬಾಯಲ್ಲಿ ಸಿಕ್ಕಿ ಅವಡವಟ್ ಆಯ್ತು. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನಿಯಸ್ ವೈಜ್ಞಾನಿಕ ಹೆಸರಿಡುವಾಗಲೂ ಅದೇ ಊರಿನ ನೆರಳಲ್ಲಿ ಅಮಂಡವಾ ಅಂದ. ಹಾಗೆ ಹೋದವು ತಪ್ಪಿಸ್ಕೊಂಡು ಈಗ ಸ್ಪೇನ್, ಫಿಜಿಯಲ್ಲೂ ಸಂಸಾರ ಹೂಡಿವೆ. ಸಾಕೋದು ಮಾತ್ರ ಬೇಡ. ನಮ್ಮ ಕಾಡುಹಕ್ಕಿಗಳನ್ನ ಹಿಡಿಯೋದು, ಮಾರೋದು, ಇಟ್ಕೊಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಕೊಂಡ್ಕೊಂಡವರೂ ಸಿಕ್ಕಿಹಾಕ್ಕೋತಾರೆ. ಇದು ನಮ್ಮದಲ್ಲ, ವಿದೇಶದ ಫಿಂಚ್ ಹಕ್ಕಿ ಅಂತ ಅಂಗಡಿಯವನು ಹೇಳಿದ ತಕ್ಷಣ ನಂಬೋಕೂ ಹೋಗಬೇಡಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳತ್ತೆ, ಆಮೇಲೆ ಅದು ಖಾಲಿ ಜಾಗ. ಅಲ್ಲಿ ನಮ್ಮ ಸ್ಕೂಲಿಂದ ಸಸಿ ನೆಟ್ಟರೆ ಹಕ್ಕಿಗೆ ಒಳ್ಳೇದಲ್ವಾ?
– ಹೆಸರಘಟ್ಟದ ಹತ್ತಿರದ ಹಳ್ಳಿಯಿಂದ

ಉತ್ತರ: ಪುಟ್ಟ, ಸಸಿನ ಸ್ಕೂಲ್ ಕಾಂಪೌಂಡಲ್ಲಿ, ರಸ್ತೆ ಬದಿ ನೆಡಿ, ಇಲ್ಲಿ ಬೇಡ. ಮರ ದೊಡ್ಡದಾಗಿ ನೆರಳು ಬಿದ್ರೆ ಬಿಸಿಲು ಬೇಕಿರೋ ಹುಲ್ಲು ಸಾಯತ್ತೆ, ಹುಲ್ಲು ಹೋದ್ರೆ ಬೀಜ ಇಲ್ಲ, ಗೂಡು ಕಟ್ಟೋಕೆ ಎಳೆ ಇಲ್ಲ, ಮುನಿಯ ಅಲ್ಲಿ ಏನು ಮಾಡತ್ತೆ ಹೇಳು? ಮೇಲಾಗಿ ಮರದ ಮೇಲೆ ಕಾಗೆ ಬಂದು ಕೂತ್ಕೊಂಡು ಕೆಳಗಿನ ಗೂಡುಗಳನ್ನ ಆರಾಮಾಗಿ ನೋಡ್ತಾ ಇರತ್ತೆ. ಸುಟ್ಟು ಕರ್ರಗಾದ ಜಾಗದಲ್ಲೂ ಹುಲ್ಲಿನ ಬೇರು ಮಣ್ಣೊಳಗೆ ಬದುಕಿರತ್ತೆ, ಮಳೆ ಬಿದ್ದ ವಾರಕ್ಕೆ ಹಸಿರು ಮೊಳಕೆ ನೀನೇ ನೋಡಿರ್ತೀಯ. ಹಾಗಂತ ಬೆಂಕಿ ಹಚ್ಚೋದು ಸರಿ ಅಂತಲ್ಲ, ಬೇಸಿಗೆಯಲ್ಲಿ ನೆಲದ ಮೇಲೇ ಮೊಟ್ಟೆ ಇಡೋ ಬೇರೆ ಹಕ್ಕಿಗಳಿವೆ, ಅವುಗಳ ಗತಿ ಮುಗೀತು.

ದೊಡ್ಡವರೂ ಇದನ್ನ ಖಾಲಿ ಜಾಗ ಅಂತಾನೇ ತಿಳ್ಕೊಂಡು ವರ್ಷಗಟ್ಟಲೆ ಏನೇನೋ ಕಟ್ಟೋ ಪ್ಲಾನ್ ಹಾಕಿದ್ರು, ಕೊನೆಗೆ ರಾಜ್ಯ ವನ್ಯಜೀವಿ ಮಂಡಳಿ ಐದು ಸಾವಿರ ಎಕರೆಗೂ ಜಾಸ್ತಿ ಜಾಗಾನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿತು. ನಿಂಗೆ ಏನಾದ್ರೂ ಮಾಡಲೇಬೇಕು ಅನ್ಸಿದ್ರೆ ಒಂದು ನೋಟ್‌ಬುಕ್ ತಗೊಂಡು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಹೋಗು, ಕಾಲುದಾರಿ ಬಿಟ್ಟು ಹುಲ್ಲೊಳಗೆ ಇಳೀಬೇಡ, ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೀಬೇಡ, ಕೆಂಪು ಎಷ್ಟು, ಕಂದು ಎಷ್ಟು, ಅರ್ಧ ಕೆಂಪು ಅರ್ಧ ಕಂದು ಎಷ್ಟು ಅಂತ ಬರ್ಕೋ. ಯಲಹಂಕದವರಿಗೂ ಆ ಲೆಕ್ಕ ಬೇಕಾಗತ್ತೆ, ನಂಗೆ ಕಳ್ಸು.