ಬಾಯಿ ತೆರೆದ ಪೈಪಿಗೂ ಕೋಡ್ ಬೇಕೇ?

ಪ್ರಶ್ನೆ: ಶೇ 50ರ ಕಾಸ್ಟಿಕ್ ಸೋಡಾ ದ್ರಾವಣ ತುಂಬುವ ನಮ್ಮ ಟ್ಯಾಂಕಿನ 3 ಇಂಚಿನ ಓವರ್‌ಫ್ಲೋ ಪೈಪು 8 ಮೀಟರ್ ಎತ್ತರದಿಂದ ಕೆಳಗಿಳಿದು ಗಾಳಿಗೆ ತೆರೆದುಕೊಳ್ಳುತ್ತದೆ. ಒತ್ತಡವೇ ಇಲ್ಲ, ಎಎಸ್‌ಎಂಇ ಬಿ31.3 (ಕಾರ್ಖಾನೆ ಪೈಪುಗಳ ವಿನ್ಯಾಸದ ಕೋಡ್) ಇದಕ್ಕೇಕೆ ಎನ್ನುತ್ತಾರೆ ಗುತ್ತಿಗೆದಾರರು. ಅವರು ಹೇಳುವುದು ಸರಿಯೇ?

ಉತ್ತರ: ಸರಿಯಲ್ಲ. 105 ಕಿಲೋಪಾಸ್ಕಲ್‌ಗಿಂತ ಕಡಿಮೆ ಒತ್ತಡದ ಪೈಪನ್ನು ಬಿ31.3 ತನ್ನ ವ್ಯಾಪ್ತಿಯಿಂದ ಬಿಡುವುದು ನಿಜ. ಆದರೆ ಅದರ ಜೊತೆಗೆ ದ್ರವ ಹೊತ್ತಿಕೊಳ್ಳುವಂಥದ್ದಾಗಿರಬಾರದು, ವಿಷವಾಗಿರಬಾರದು, ಮೈಗೆ ತಾಗಿದರೆ ಸುಡಬಾರದು. ವಿನ್ಯಾಸ ತಾಪಮಾನ –29ರಿಂದ 186 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಇಷ್ಟೂ ಇದ್ದರೆ ಮಾತ್ರ ವಿನಾಯಿತಿ. ಕಾಸ್ಟಿಕ್ ಚರ್ಮ ಸುಡುತ್ತದೆ, ಅಲ್ಲಿಗೇ ಮುಗಿಯಿತು.

‘ಒತ್ತಡವೇ ಇಲ್ಲ’ ಎಂಬ ಮಾತೂ ಬಾಯಿ ತೆರೆದಿರುವಷ್ಟು ಹೊತ್ತು ಮಾತ್ರ ನಿಜ. ಹನಿ ಬೀಳುತ್ತದೆಂದು ಯಾರಾದರೂ ಕೆಳಗೊಂದು ವಾಲ್ವ್ ಕೂರಿಸಿದರೆ (ಕೂರಿಸಿಯೇ ಕೂರಿಸುತ್ತಾರೆ), ಪೈಪು ತುಂಬಿ ನಿಂತಾಗ 1.52 ಸಾಂದ್ರತೆಯ ಈ ದ್ರಾವಣ ತಳದಲ್ಲಿ ಸುಮಾರು 119 ಕಿಲೋಪಾಸ್ಕಲ್ ಒತ್ತುತ್ತದೆ. ಓವರ್‌ಫ್ಲೋಗೆ ವಾಲ್ವ್ ಬೇಡವೇ ಬೇಡ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಬಾಯಂಚಿನಲ್ಲಿ ಬಿಳಿ ಕಾರ್ಬೊನೇಟ್ ಹೆಕ್ಕಳೆ ಕಟ್ಟುವುದೂ ಉಂಟು, ನೋಡಿ ತೆಗೆಯುತ್ತಿರಿ.

ಇನ್ನು ದಪ್ಪ. 119 ಕಿಲೋಪಾಸ್ಕಲ್‌ಗೆ ಲೆಕ್ಕ ಹಾಕಿದರೆ ಎ106 ಗ್ರೇಡ್ ಬಿ ಉಕ್ಕಿನಲ್ಲಿ 0.05 ಮಿ.ಮೀ. ಕೂಡ ಬೇಕಾಗದು. ಹಾಗಾಗಿ ದಪ್ಪ ನಿರ್ಧಾರವಾಗುವುದು ತುಕ್ಕಿನ ಸವೆತ, ಸಪೋರ್ಟ್‌ಗಳ ನಡುವಿನ ಬಾಗು, ಯಾರಾದರೂ ಮೆಟ್ಟಿ ಹತ್ತಿದರೆ ತಡೆಯುವ ಬಲ ಇವುಗಳಿಂದ. 5.49 ಮಿ.ಮೀ. ದಪ್ಪದ ಶೆಡ್ಯೂಲ್ 40 ಹಾಕಿ.

ಪ್ರಶ್ನೆ: ಇದಕ್ಕೆ ಹೈಡ್ರೋ ಟೆಸ್ಟ್ (ನೀರು ತುಂಬಿ ಸೋರಿಕೆ ನೋಡುವ ಪರೀಕ್ಷೆ) ಬೇಕೇ?

ಉತ್ತರ: ಕೊನೆಯ ವಾಲ್ವ್ ದಾಟಿದ ವೆಂಟ್ (ಗಾಳಿ ಆಡುವ ದಾರಿ), ಡ್ರೈನ್‌ಗಳಂಥ ಗಾಳಿಗೆ ತೆರೆದ ಲೈನುಗಳಿಗೆ ವಿನ್ಯಾಸಕಾರರು ಕೇಳದ ಹೊರತು ಸೋರಿಕೆ ಪರೀಕ್ಷೆ ಕಡ್ಡಾಯವಲ್ಲ. ಆದರೂ ಕಾಸ್ಟಿಕ್ ಅಲ್ಲವೇ, ವಿನ್ಯಾಸದಲ್ಲೇ ಬರೆಸಿಬಿಡಿ. ತುದಿಗೆ ಬ್ಲೈಂಡ್ (ಬಾಯಿ ಮುಚ್ಚುವ ತಟ್ಟೆ) ಹಾಕಿ, ಮೇಲಿನ ಫ್ಲ್ಯಾಂಜ್ ಬಿಚ್ಚಿ ನೀರು ತುಂಬಿಸಿ, ಬೆಸುಗೆಗಳನ್ನೂ ಜೋಡಣೆಗಳನ್ನೂ ಕಣ್ಣಿಟ್ಟು ನೋಡಿ. ಮುಗಿದ ಮೇಲೆ ಬ್ಲೈಂಡ್ ತೆಗೆದದ್ದನ್ನು ಚೆಕ್‌ಲಿಸ್ಟ್‌ನಲ್ಲಿ ಗುರುತು ಮಾಡಿ ಸಹಿ ಹಾಕಿಸಿ.

ಪ್ರಶ್ನೆ: ಬಣ್ಣ ಬಳಿಯುವಾಗ ಟ್ಯಾಂಕಿನ ವೆಂಟ್‌ಗೆ ಪಾಲಿಥೀನ್ ಕಟ್ಟಬಹುದೇ?

ಉತ್ತರ: ಪಂಪು ನಿಂತು ಬೀಗ ಬಿದ್ದಿದ್ದರೆ ಮಾತ್ರ. ಉಕ್ಕಿನ ಟ್ಯಾಂಕುಗಳ ಕೋಡ್ ಎಪಿಐ 650 ಪ್ರಕಾರ ಕಟ್ಟಿದ ಸಾಮಾನ್ಯ ಟ್ಯಾಂಕಿನ ನಿರ್ವಾತ ಮಿತಿ 25 ಮಿ.ಮೀ. ಎತ್ತರದ ನೀರಿನ ಒತ್ತಡದಷ್ಟು, ಅಂದರೆ ಎರಡು ಬೆರಳಗಲವೂ ಇಲ್ಲ. ವೆಂಟ್ ಮುಚ್ಚಿರುವಾಗ ಪಂಪು ದ್ರವ ಎಳೆದರೆ ಆ ಮಿತಿ ದಾಟಲು ಹೊತ್ತು ಬೇಕಿಲ್ಲ. ಮೇಲ್ಛಾವಣಿ ಒಳಕ್ಕೆ ಕುಸಿಯುತ್ತದೆ. ಓವರ್‌ಫ್ಲೋ ಬಾಯಿಂದ ಗಾಳಿ ಒಳಬರುತ್ತದೆಂಬ ನಂಬಿಕೆಯೂ ಬೇಡ: ಅದರ ತುದಿ ಸೀಲ್ ಪಾಟ್‌ನಲ್ಲಿ (ಗಾಳಿ ತಡೆಯಲು ದ್ರವ ತುಂಬಿಟ್ಟ ಪಾತ್ರೆ) ಮುಳುಗಿದ್ದರೆ ಆ ದಾರಿಯೂ ಮುಚ್ಚಿದಂತೆಯೇ.