ಪುತಳಿ ಸರದಲ್ಲಿ ವೆನಿಸ್ ಕಾಸು

ಪ್ರಶ್ನೆ: ಸಾರ್, ನಮ್ಮಜ್ಜಿ ಪುತಳಿ ಸರದಲ್ಲಿ ಒಂದು ಕಾಸು ಮಾತ್ರ ಬೇರೆ ಥರ ಇದೆ. ಒಂದ್ಕಡೆ ಒಬ್ಬ ಮಂಡಿಯೂರಿ ಕೋಲು ಹಿಡ್ಕೊಂಡಿದಾನೆ, ಇನ್ನೊಂದ್ಕಡೆ ಮೊಟ್ಟೆ ಆಕಾರದೊಳಗೆ ಒಬ್ರು ನಿಂತಿದಾರೆ, ಸುತ್ತ ನಕ್ಷತ್ರ. ಚಿಕ್ಕಪೇಟೆ ಅಂಗಡಿಯವರು ಕರಗಿಸೋಣ ಅಂತಾರೆ. ಕೊಡ್ಲಾ?
— ಓದುಗರು, ಬಸವನಗುಡಿ

ಉತ್ತರ: ಅಯ್ಯೋ ಬೇಡಿ, ಸ್ವಲ್ಪ ತಡೀರಿ! ನೀವು ಹೇಳ್ತಿರೋದು ಇಟಲಿಯ ವೆನಿಸ್‌ನ ಡಕಾಟ್ ಅನ್ನೋ ಹಳೇ ಚಿನ್ನದ ನಾಣ್ಯದ ಥರಾನೇ ಇದೆ. ಮಂಡಿಯೂರಿರೋನು ವೆನಿಸ್ ದೊರೆ, ಅವನನ್ನ ಡೋಜ್ ಅಂತಿದ್ರು, ವೆನಿಸ್ ಕಾಯೋ ಸಂತ ಮಾರ್ಕ್ ಕೈಯಿಂದ ಬಾವುಟ ತಗೋತಿದಾನೆ. ಹಿಂಬದಿ ಮೊಟ್ಟೆ ಆಕಾರದೊಳಗಿರೋದು ಕ್ರಿಸ್ತ. 1284ರಲ್ಲಿ ಶುರುವಾದ ಈ ಡಿಸೈನು 1797ರಲ್ಲಿ ನೆಪೋಲಿಯನ್ ವೆನಿಸ್ ರಾಜ್ಯ ಮುಗಿಸೋವರೆಗೂ ಹೆಚ್ಚುಕಮ್ಮಿ ಹಂಗೇ ಇತ್ತು, ತೂಕ ಸುಮಾರು 3.5 ಗ್ರಾಂ, ಚಿನ್ನ ಹತ್ತಿರಹತ್ತಿರ ಅಪ್ಪಟ, ಅದಕ್ಕೇ ಮೆಣಸು ಮಾರೋರು ಕಣ್ಮುಚ್ಚಿ ತಗೋತಿದ್ರು, ಈಜಿಪ್ಟು ಕೆಂಪು ಸಮುದ್ರ ದಾಟ್ಕೊಂಡು ಮಲಬಾರಿಗೆ ರಾಶಿ ಬಂತು.

ಆದ್ರೆ ಒಂದು ತೊಡಕಿದೆ. ಇಷ್ಟು ಹೆಸರು ಮಾಡಿದ ಕಾಸನ್ನ ನಮ್ಮ ಅಕ್ಕಸಾಲಿಗರು ಬಿಡ್ತಾರಾ, ಅವ್ರೂ ನಕಲು ಹೊಡೆದ್ರು. ಭೂತಗನ್ನಡಿ ಹಿಡಿದು ಅಂಚಿನ ಲ್ಯಾಟಿನ್ ಅಕ್ಷರ ನೋಡಿ. ಮಾರ್ಕ್ ಪಕ್ಕ ‘ಎಸ್ ಎಂ ವೆನೆಟ್’, ಕೋಲಿನ ಪಕ್ಕ ‘ಡಕ್ಸ್’, ಅದೇ ಮುಖದಲ್ಲಿ ದೊರೆ ಬೆನ್ನ ಹಿಂದೆ ಅವನ ಹೆಸರು ಸರಿಯಾಗಿ ಓದಕ್ಕಾದ್ರೆ ಕಾಲ ಗೊತ್ತಾಗತ್ತೆ, ‘ಮಾನಿನ್’ ಅಂತಿದ್ರೆ 1789ರಿಂದ 1797ರೊಳಗಿನದು. ಅಕ್ಷರ ಬರೀ ಗೀಟುಗೀಟು ಇದ್ರೆ ಬಹುಶಃ ನಕಲು, ಆದ್ರೂ ನನಗೇನೋ ಅದೇ ಹೆಚ್ಚು ಇಷ್ಟ.

ಕೊಂಡಿ ಬೆಸೆದಿದ್ರೆ, ತೂತಿದ್ರೆ ಸಂಗ್ರಹಕಾರರು ಬೆಲೆ ಇಳಿಸ್ತಾರೆ. ಪಾಲಿಶ್ ಮಾತ್ರ ಹಾಕಿಸ್ಬೇಡಿ. ನೂರು ವರ್ಷ ದಾಟಿದ ನಾಣ್ಯನ ಖಾಸಗಿಯವರು ಫಾರಿನ್‌ಗೆ ಕಳಿಸೋ ಹಾಗೂ ಇಲ್ಲ, 1972ರ ಕಾನೂನಿದೆ.