ಒಂದೇ ಸ್ಟಾರ್ ಕೊಟ್ಟವರಿಗೆ ಏನಂತ ಬರೆಯೋದು?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): ಹನ್ನೆರಡು ವರ್ಷದಿಂದ ಜೋಳದ ರೊಟ್ಟಿ ಖಾನಾವಳಿ ನಡೆಸುತ್ತಿದ್ದೇನೆ. ಹೋದ ತಿಂಗಳು ಯಾರೋ ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು, ‘ರೊಟ್ಟಿ ತಣ್ಣಗಿತ್ತು, ಎಣಗಾಯಿ ಖಾಲಿಯಾಗಿತ್ತು, ಕೇಳಿದರೆ ಗಲ್ಲಾ ಮೇಲೆ ಕೂತವರು ಮುಖ ಎತ್ತಿ ನೋಡಲಿಲ್ಲ’ ಎಂದು ಬರೆದಿದ್ದಾರೆ. ಮಗ ಸಿಟ್ಟಿನಲ್ಲಿ ‘ನೀವು ಬರದಿದ್ರೂ ನಮ್ಮ ಖಾನಾವಳಿ ನಡೀತದ’ ಎಂದು ಉತ್ತರ ಹಾಕಿದ. ಈಗ ಎಲ್ಲರೂ ಅದನ್ನೇ ಓದಿ ನಗುತ್ತಿದ್ದಾರೆ. ಆ ರಿವ್ಯೂ ತೆಗೆಸಬಹುದೇ? ಕೇಸ್ ಹಾಕಬಹುದೇ? ಎರಡೂವರೆಗೆ ರೊಟ್ಟಿ ಬಡಿಯುವವರು ಮನೆಗೆ ಹೋಗುತ್ತಾರೆ, ಆಮೇಲೆ ಬಂದವರಿಗೆ ಬಿಸಿ ರೊಟ್ಟಿ ಎಲ್ಲಿಂದ ತರಲಿ?

ಅಕ್ಕಾವರೇ, ನಮಸ್ಕಾರ.

ಮೊದಲು ಮಗನ ಉತ್ತರವನ್ನು ಅಳಿಸಿಬಿಡಿ. ರಿವ್ಯೂ ಅವರದು, ಅದನ್ನು ನೀವು ಮುಟ್ಟಲಾಗದು. ಉತ್ತರ ನಿಮ್ಮದು, ಯಾವಾಗ ಬೇಕಾದರೂ ತೆಗೆಯಬಹುದು, ತಿದ್ದಬಹುದು. ಹುಡುಗನ ಮೇಲೆ ರೇಗಬೇಡಿ. ನಾನೂ ಇದೇ ಕೆಲಸ ಮಾಡಿದವನು. ನಮ್ಮ ಪದಬಂಧದಲ್ಲಿ ತಪ್ಪಿದೆ ಎಂದು ಒಬ್ಬರು ಖಾರವಾಗಿ ಬರೆದಿದ್ದರು. ‘ಮೊದಲು ನಿಘಂಟು ನೋಡಿ’ ಎಂದು ಅವತ್ತೇ ಸಂಜೆ ಕಾರ್ಡ್ ಹಾಕಿದೆ. ನಿಘಂಟು ನೋಡಿದ್ದು ಮರುದಿನ. ತಪ್ಪು ನಮ್ಮದೇ ಆಗಿತ್ತು.

ತೆಗೆಸುವ ಮಾತಿಗೆ ಬರೋಣ. ಗೂಗಲ್‌ಗೆ ದೂರು ಕೊಡಬಹುದು, ನಿಜ. ಎದುರಿನ ಹೋಟೆಲಿನವರು ಬೇಕಂತಲೇ ಬರೆಸಿದ್ದು, ನಿಮ್ಮಲ್ಲಿಗೆ ಕಾಲೇ ಇಡದೆ ಬರೆದದ್ದು, ಹೊಲಸು ಬೈಗುಳ, ಇಂಥವು ಅವರ ನಿಯಮಕ್ಕೆ ವಿರುದ್ಧ. ಆದರೆ ರೊಟ್ಟಿ ಬಿಸಿಯಿತ್ತೋ ತಣ್ಣಗಿತ್ತೋ ಎಂಬ ಜಗಳಕ್ಕೆ ಗೂಗಲ್ ಪಂಚಾಯ್ತಿ ಮಾಡುವುದಿಲ್ಲ.

ಕೇಸ್ ಬೇಡವೇ ಬೇಡ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನನಷ್ಟಕ್ಕೆ 356ನೇ ಕಲಂ ಇದೆ. ಆದರೆ ‘ರೊಟ್ಟಿ ತಣ್ಣಗಿತ್ತು’ ಅಂದದ್ದಕ್ಕೆ ವಕೀಲರ ಫೀಸು ಕಟ್ಟುತ್ತೀರಾ? ಗಿರಾಕಿಯ ಬಾಯಿ ಕಟ್ಟಲು ಹೋದವರ ಕಥೆ ಕೇಳಿ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಒಂದು ಹೋಟೆಲ್, ಕೆಟ್ಟ ರಿವ್ಯೂ ಬರೆದ ದಂಪತಿಯ ಕಾರ್ಡಿನಿಂದ 100 ಪೌಂಡ್ ಎಳೆದುಕೊಂಡಿತು. ಅಮೆರಿಕದ ಹಡ್ಸನ್ ಎಂಬ ಊರಿನ ಅತಿಥಿಗೃಹ, ಮದುವೆಗೆ ಬಂದವರು ಕೆಟ್ಟದಾಗಿ ಬರೆದರೆ ಮದುವೆ ಇಟ್ಟುಕೊಂಡವರಿಗೆ ಒಂದೊಂದು ರಿವ್ಯೂಗೆ 500 ಡಾಲರ್ ದಂಡ ಎಂದು ಷರತ್ತು ಹಾಕಿತ್ತು. ಎರಡೂ 2014ರಲ್ಲಿ ಸುದ್ದಿಯಾದವು. ಬ್ಲ್ಯಾಕ್‌ಪೂಲ್‌ನವರು ದುಡ್ಡು ವಾಪಸ್ ಕೊಟ್ಟರು. ಹಡ್ಸನ್‌ನವರಿಗಂತೂ ಆ ಊರನ್ನೇ ನೋಡದವರೂ ಬಂದು ಒಂದೊಂದು ಸ್ಟಾರ್ ಒತ್ತಿ ಹೋದರು. ಗಿರಾಕಿ ರಿವ್ಯೂ ಬರೆಯದಂತೆ ಕರಾರಿನಲ್ಲೇ ತಡೆಯುವುದನ್ನು ಅಮೆರಿಕ 2016ರಲ್ಲಿ ಕಾನೂನು ತಂದು ನಿಲ್ಲಿಸಿತು.

ಹಾಗಂತ ಸ್ಟಾರಿಗೆ ಬೆಲೆ ಇಲ್ಲ ಅಂತಲ್ಲ. ಆಗ ಹಾರ್ವರ್ಡ್‌ನಲ್ಲಿದ್ದ ಸಂಶೋಧಕ ಮೈಕಲ್ ಲೂಕಾ ಅಮೆರಿಕದ ಸಿಯಾಟಲ್‌ನ ರೆಸ್ಟೋರೆಂಟುಗಳ ಲೆಕ್ಕ ನೋಡಿದ್ದರು. ಯೆಲ್ಪ್ ಎಂಬ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಏರಿದರೆ ವ್ಯಾಪಾರ ಶೇ. 5ರಿಂದ 9ರಷ್ಟು ಜಾಸ್ತಿಯಾಗುತ್ತದೆ ಎಂದು 2011ರಲ್ಲಿ ಬರೆದರು. ಈ ಏರಿಕೆ ಕಂಡದ್ದು ದೊಡ್ಡ ಸರಣಿ ಹೋಟೆಲುಗಳಲ್ಲಿ ಅಲ್ಲ, ನಿಮ್ಮಂಥ ಒಂಟಿ ಅಂಗಡಿಗಳಲ್ಲಿ.

ಈಗ ನಿಮ್ಮ ಪತ್ರದ ಕೊನೆಯ ಸಾಲು. ನಾನು ಆ ಸಾಲಿಗೆ ಎರಡು ಸಲ ವಾಪಸ್ ಹೋಗಿ ಓದಿದೆ. ಎರಡೂವರೆಗೆ ರೊಟ್ಟಿ ಬಡಿಯುವವರು ಹೋಗುತ್ತಾರೆ ಅಂದಿರಿ. ಅಂದರೆ ಆ ಮನುಷ್ಯ ಬರೆದದ್ದು ನಿಜವೇ ಇರಬೇಕು, ಅಲ್ವಾ? ಹಾಗಿದ್ದರೆ ಉತ್ತರವೂ ಸಲೀಸು. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ ರೀ. ನೀವು ಬಂದಾಗ ಎರಡೂವರೆ ದಾಟಿರಬೇಕು. ಅಷ್ಟೊತ್ತಿಗೆ ಒಲೆ ಆರಿರ್ತದ, ಬುಟ್ಟಿಯಲ್ಲಿ ಉಳಿದ ರೊಟ್ಟಿ ಬಡಿಸಿದ್ವಿ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕೇಳಿದಾಗ ಮಾತಾಡಿಸದೆ ಇದ್ದದ್ದೂ ನಮ್ಮ ತಪ್ಪು. ಸೋಮವಾರದಿಂದ ಮೂರೂವರೆ ತನಕ ಒಬ್ಬರು ಒಲೆ ಮುಂದ ಇರ್ತಾರ.’

ಸೋಮವಾರ ಒಬ್ಬರನ್ನು ಕೂರಿಸುವುದಾದರೆ ಮಾತ್ರ ಕೊನೆಯ ಸಾಲು ಹಾಕಿ. ಅಷ್ಟು ಸಂಬಳ ಹೊರೆಯಾದರೆ, ‘ಎರಡೂವರೆ ಮೇಲೆ ಬಿಸಿ ರೊಟ್ಟಿ ಇರುವುದಿಲ್ಲ’ ಎಂದು ಬಾಗಿಲಲ್ಲಿ ಬೋರ್ಡ್ ತೂಗುಹಾಕಿ, ಅದನ್ನೇ ಬರೆಯಿರಿ. ‘ಡಿಯರ್ ಕಸ್ಟಮರ್, ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಥರದ್ದನ್ನು ಮಾತ್ರ ಅಂಟಿಸಬೇಡಿ. ಅದನ್ನು ಓದಿದರೆ ಬ್ಯಾಂಕಿನ ಕ್ಯೂ ನೆನಪಾಗುತ್ತದೆ.

ಬೈದವರ ಮನಸ್ಸು ಈ ಉತ್ತರದಿಂದ ಬದಲಾಗುತ್ತದೋ ಇಲ್ಲವೋ, ಅದರ ಚಿಂತೆ ಬಿಡಿ. ನೀವು ಬರೆಯುತ್ತಿರುವುದು ನಾಳೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದು, ಹಸಿದು, ಫೋನಿನಲ್ಲಿ ಖಾನಾವಳಿ ಹುಡುಕುವವನಿಗೆ. ನಾನಂತೂ ಮೊದಲು ತೆರೆದು ನೋಡುವುದು ಒಂದು ಸ್ಟಾರಿನವನ್ನೇ. ಬೈದದ್ದಕ್ಕಿಂತ ಬೈಸಿಕೊಂಡವರು ಏನಂದರು ಅಂತ ನೋಡುವ ಚಪಲ.

ಸೋದರಳಿಯಂದಿರಿಂದ ಐದೈದು ಸ್ಟಾರ್ ಹಾಕಿಸುವ ಯೋಚನೆ ಬಂದಿದ್ದರೆ ಕೈಬಿಡಿ. ಊಟ ಫ್ರೀ ಕೊಡುತ್ತೇವೆ, ರಿವ್ಯೂ ಬದಲಿಸಿ ಅನ್ನುವುದೂ ಗೂಗಲ್ ನಿಯಮಕ್ಕೆ ವಿರುದ್ಧವೇ. ಸುಳ್ಳು ರಿವ್ಯೂಗಳ ಕಾಟ ಎಷ್ಟಾಗಿದೆ ಅಂದರೆ, ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಇದಕ್ಕೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ತಂದಾಗ ಅದು ಐಚ್ಛಿಕವಾಗಿತ್ತು ಅಷ್ಟೆ. ಅದಕ್ಕಿಂತ, ಊಟ ಚೆನ್ನಾಗಿತ್ತು ಎಂದು ಕೈತೊಳೆಯುವಾಗ ಹೇಳುವವರಿಗೆ ‘ಅದನ್ನೇ ಗೂಗಲ್‌ನಾಗೂ ಬರೀರಿ’ ಎಂದು ಬಾಯಿಬಿಟ್ಟು ಕೇಳಿ.

ಗಲ್ಲಾ ಮೇಲೆ ಕೂತು ಮುಖ ಎತ್ತದವರು ಯಾರು ಎಂದು ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ. ಮುಂದಿನ ತಿಂಗಳು ಧಾರವಾಡಕ್ಕೆ ಬರುವುದಿದೆ. ಎರಡೂಮುಕ್ಕಾಲಿಗೆ ನಿಮ್ಮಲ್ಲಿಗೆ ಊಟಕ್ಕೆ ಬರುತ್ತೇನೆ.

– ಸಂಪಾದಕ